ಎಡವೂ ಅಲ್ಲ, ಬಲವೂ ಅಲ್ಲ: ನನ್ನ ವೋಟು ಯಾರಿಗೆ?

ಪ್ರಶ್ನೆ: ನಾನು ಎಡವೂ ಅಲ್ಲ, ಬಲವೂ ಅಲ್ಲ. ತೆರಿಗೆ, ಉದ್ಯಮ, ಸರ್ಕಾರದ ಸಾಲ ಇಂಥ ವಿಷಯಗಳಲ್ಲಿ ಒಂದು ದೊಡ್ಡ ಪಕ್ಷದ ಮಾತು ಸರಿ ಅನಿಸುತ್ತದೆ. ಆಸ್ಪತ್ರೆ, ಶಾಲೆ, ವ್ಯಕ್ತಿ ಸ್ವಾತಂತ್ರ್ಯದ ಮಾತು ಬಂದರೆ ಇನ್ನೊಂದು ದೊಡ್ಡ ಪಕ್ಷವೇ ವಾಸಿ ಅನಿಸುತ್ತದೆ. ನಡುವೆ ಒಂದು ಸಣ್ಣ ಪಕ್ಷ ಇದೆ. ಅದರ ನಿಲುವು ನನಗೆ ಹತ್ತಿರ, ಆದರೆ ಗೆಲ್ಲುವ ಲಕ್ಷಣ ಕಾಣುತ್ತಿಲ್ಲ. ಎರಡೂ ಕಡೆಯ ಗೆಳೆಯರು ನನ್ನನ್ನು ಎಡಬಿಡಂಗಿ ಅನ್ನುತ್ತಾರೆ. ನಾನು ಯಾರಿಗೆ ವೋಟು ಹಾಕಲಿ? ಯಾರೂ ಬೇಡ ಅಂತ ಸುಮ್ನೆ ಮನೆಯಲ್ಲಿದ್ದರೆ ತಪ್ಪಾ?

ಉತ್ತರ: ಇಂಥ ಪಕ್ಷಕ್ಕೇ ಹಾಕಿ ಅಂತ ನಾನು ಹೇಳುವುದಿಲ್ಲ. ಆ ತೀರ್ಮಾನ ನಿಮ್ಮದು. ಆದರೆ ಚುನಾವಣೆಗಳನ್ನು ಓದುವುದೇ ನನ್ನ ಕೆಲಸ. ಹೇಗೆ ಯೋಚಿಸಿದರೆ ದಾರಿ ಸಿಗುತ್ತದೆ ಅನ್ನೋದನ್ನು ಹೇಳಬಲ್ಲೆ.

ನೀವು ಕೇಳುತ್ತಿರುವುದು 'ನನ್ನ ನಿಲುವಿಗೆ ಯಾವ ಪಕ್ಷ ಹತ್ತಿರ' ಅಂತ. ಬಹಳಷ್ಟು ಜನ ಹೀಗೇ ಕೇಳುತ್ತಾರೆ. ನನಗನಿಸುವುದು, ನಡುವಿನ ಮತದಾರರು ಸಿಕ್ಕಿಬೀಳುವುದೇ ಇಲ್ಲಿ. ಹತ್ತಿರ ಯಾರು ಅನ್ನುವುದಕ್ಕಿಂತ ಇದನ್ನು ಕೇಳಿಕೊಳ್ಳಿ: ಈಗ ಆಡಳಿತ ಎಲ್ಲಿದೆ, ಅಲ್ಲಿಂದ ಯಾವ ಕಡೆಗೆ ಸರಿಯಬೇಕು, ಹಾಗೆ ಸರಿಸಲು ಯಾರ ಕೈಗೆ ಎಷ್ಟು ಬಲ ಕೊಡಬೇಕು? ಈ ಪ್ರಶ್ನೆಗೆ ಬರುವ ಉತ್ತರ ಎಷ್ಟೋ ಸಲ ಮೊದಲಿನ ಉತ್ತರಕ್ಕಿಂತ ಬೇರೆಯೇ ಆಗಿರುತ್ತದೆ.

'ಹತ್ತಿರದ ಪಕ್ಷ' ಅನ್ನುವ ಯೋಚನೆ ಎಲ್ಲಿಂದ ಬಂತು ನೋಡಿ. 1957ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ಒಂದು ಸರಳ ಚಿತ್ರ ಕೊಟ್ಟರು. ಎಡದಿಂದ ಬಲಕ್ಕೆ ಒಂದು ಗೆರೆ. ಮತದಾರರೆಲ್ಲ ಆ ಗೆರೆಯ ಮೇಲೆ ಅಲ್ಲಲ್ಲಿ ನಿಂತಿದ್ದಾರೆ. ಪ್ರತಿಯೊಬ್ಬರೂ ತಮಗೆ ಹತ್ತಿರ ನಿಂತ ಪಕ್ಷಕ್ಕೆ ವೋಟು ಹಾಕುತ್ತಾರೆ. ಪಕ್ಷಗಳು ಎರಡೇ ಇದ್ದರೆ, ಗೆಲ್ಲುವ ಆಸೆಗೆ ಎರಡೂ ನಡುವಿಗೆ ಬರುತ್ತವೆ. ಸರಿಯಾಗಿ ಮಧ್ಯದಲ್ಲಿ ನಿಂತ ಮತದಾರನ ಕೈಯಲ್ಲೇ ಗೆಲುವು. ಇದೇ ಮಾತನ್ನು ಡಂಕನ್ ಬ್ಲಾಕ್ 1948ರಲ್ಲೇ ಸಮಿತಿಗಳ ಮತದಾನದ ಬಗ್ಗೆ ಲೆಕ್ಕ ಹಾಕಿ ತೋರಿಸಿದ್ದರು.

ಚಿತ್ರ ಚೆನ್ನಾಗಿದೆ. ಆದರೆ ಅದು ನಿಜವಾಗಿದ್ದರೆ ನೀವು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ, ಅಲ್ವಾ? ಎರಡೂ ಪಕ್ಷಗಳು ನಿಮ್ಮ ಮನೆ ಬಾಗಿಲಿಗೇ ಬಂದಿರುತ್ತಿದ್ದವು. ಅವು ಬರುವುದಿಲ್ಲ. ಪಕ್ಷಕ್ಕೆ ಬಾವುಟ ಹಿಡಿಯುವವರು, ಹಣ ಕೊಡುವವರು, ಟಿಕೆಟ್ ಹಂಚುವವರು ಯಾರೂ ನಡುವಿನವರಲ್ಲ. ಅವರನ್ನು ಕಳೆದುಕೊಳ್ಳುವ ಭಯ ಪಕ್ಷಕ್ಕೆ ಜಾಸ್ತಿ.

ಇನ್ನೊಂದು ತೊಡಕು ನಿಮ್ಮೊಳಗೇ ಇದೆ. 'ನಡುವಿನವರು' ಅಂತ ನಾವು ಕರೆಯುವ ಜನ ಒಂದೇ ಥರ ಇರುವುದಿಲ್ಲ. ಕೆಲವರು ಪ್ರತಿಯೊಂದು ವಿಷಯದಲ್ಲೂ ಮಿತವಾದ ದಾರಿಯನ್ನೇ ಬಯಸುತ್ತಾರೆ. ತೆರಿಗೆ ಸ್ವಲ್ಪ, ಸೌಲಭ್ಯವೂ ಸ್ವಲ್ಪ, ಬದಲಾವಣೆ ನಿಧಾನಕ್ಕೆ. ಇನ್ನು ಕೆಲವರು ಒಂದು ವಿಷಯದಲ್ಲಿ ಗಟ್ಟಿ ಎಡ, ಮತ್ತೊಂದರಲ್ಲಿ ಗಟ್ಟಿ ಬಲ. ಇಬ್ಬರ ಸರಾಸರಿಯೂ ನಡುವಿಗೇ ಬರುತ್ತದೆ. ಡೇವಿಡ್ ಬ್ರೂಕ್‌ಮನ್ 2016ರಲ್ಲಿ ಅಮೆರಿಕದ ಮತದಾರರನ್ನು ಇಟ್ಟುಕೊಂಡು ತೋರಿಸಿದ್ದು ಇದನ್ನೇ. ಸಮೀಕ್ಷೆಯಲ್ಲಿ ಮಧ್ಯಮರು ಅಂತ ಕಾಣುವ ಅನೇಕರ ಅಭಿಪ್ರಾಯಗಳು ಒಂದೊಂದಾಗಿ ನೋಡಿದರೆ ಸಾಕಷ್ಟು ತೀವ್ರವಾಗಿಯೇ ಇರುತ್ತವೆ, ಬೇರೆ ಬೇರೆ ದಿಕ್ಕಿಗೆ ಅಷ್ಟೇ.

ನಿಮ್ಮ ಪತ್ರ ಓದಿದರೆ ನೀವು ಎರಡನೇ ಗುಂಪಿನವರ ಹಾಗೆ ಕಾಣುತ್ತೀರಿ. ಹಣಕಾಸಿನಲ್ಲಿ ಒಂದು ಕಡೆ, ಸಮಾಜದ ವಿಷಯದಲ್ಲಿ ಇನ್ನೊಂದು ಕಡೆ. ಹಾಗಿದ್ದರೆ ನಿಮ್ಮ ಸರಾಸರಿ ಎಲ್ಲಿದೆ ಅಂತ ಹುಡುಕುವುದರಿಂದ ಪ್ರಯೋಜನ ಇಲ್ಲ. ನಡುವಿನ ಪಕ್ಷ ಹತ್ತಿರ ಅನಿಸುವುದು ಕೂಡ ಆ ಸರಾಸರಿಯ ಮಾಯೆ ಇರಬಹುದು. ಅದು ಹಣಕಾಸಿನಲ್ಲೂ ನಿಮಗೆ ಬೇಕಾದಷ್ಟು ಹೋಗುವುದಿಲ್ಲ, ಶಾಲೆ ಆಸ್ಪತ್ರೆ ವಿಷಯದಲ್ಲೂ ಹೋಗುವುದಿಲ್ಲ. ಒಮ್ಮೆ ಅದರ ಪ್ರಣಾಳಿಕೆಯನ್ನು ಈ ಕಣ್ಣಿನಿಂದ ಓದಿ ನೋಡಿ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ನಿಜವಾಗಿ ಮುಖ್ಯವಾದ ಮೂರು ವಿಷಯ ಬರೆಯಿರಿ. ಮೂವತ್ತಲ್ಲ, ಮೂರು. ಟಿವಿಯಲ್ಲಿ ಈ ವಾರ ಜಗಳವಾಗುತ್ತಿರುವ ವಿಷಯವನ್ನಲ್ಲ, ಮುಂದಿನ ನಾಲ್ಕೈದು ವರ್ಷ ನಿಮ್ಮ ಮತ್ತು ನಿಮ್ಮವರ ಬದುಕನ್ನು ಮುಟ್ಟುವಂಥದ್ದನ್ನು. ಪ್ರತಿಯೊಂದರ ಮುಂದೆ ಈಗಿನ ಸ್ಥಿತಿ ಏನು, ಅದು ಯಾವ ಕಡೆ ಹೋಗಬೇಕು, ಎಷ್ಟು ದೂರ ಹೋಗಬೇಕು ಅಂತ ಒಂದೊಂದು ಸಾಲು ಸಾಕು. ಈ ಚುನಾವಣೆಯಲ್ಲಿ ಗೆದ್ದವರ ಕೈಯಲ್ಲಿ ಆ ವಿಷಯ ಇದೆಯಾ ಅನ್ನೋದನ್ನೂ ನೋಡಿ. ಒಕ್ಕೂಟ ವ್ಯವಸ್ಥೆ ಇರುವ ದೇಶಗಳಲ್ಲಿ ಶಾಲೆ, ಪೊಲೀಸ್, ಆಸ್ಪತ್ರೆ ಬಹಳಷ್ಟು ಮಟ್ಟಿಗೆ ರಾಜ್ಯದ ಕೈಯಲ್ಲಿರುತ್ತವೆ, ರಕ್ಷಣೆ ಮತ್ತು ವಿದೇಶ ವ್ಯವಹಾರ ಕೇಂದ್ರದ ಕೈಯಲ್ಲಿ. ರಾಜ್ಯದ ವಿಷಯಕ್ಕೆ ಸಿಟ್ಟಾಗಿ ಕೇಂದ್ರದ ಚುನಾವಣೆಯಲ್ಲಿ ವೋಟು ಹಾಕುವವರು ತುಂಬ ಜನ. ಒಂದು ಮಟ್ಟದಲ್ಲಿ ಒಂದು ಪಕ್ಷ, ಇನ್ನೊಂದು ಮಟ್ಟದಲ್ಲಿ ಮತ್ತೊಂದು ಪಕ್ಷ ಅಂತ ಹಂಚಿ ಹಾಕುವುದರಲ್ಲಿ ಏನೂ ತಪ್ಪಿಲ್ಲ. ನಿಮ್ಮಂಥವರಿಗೆ ಅದು ಒಳ್ಳೆಯ ದಾರಿಯೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1989ರಲ್ಲಿ ಜಾರ್ಜ್ ರಾಬಿನೋವಿಟ್ಜ್ ಮತ್ತು ಸ್ಟುವರ್ಟ್ ಮ್ಯಾಕ್‌ಡೊನಾಲ್ಡ್ ಎಂಬ ವಿದ್ವಾಂಸರು ಮತದಾರರು ದೂರ ಅಳೆಯುವುದಿಲ್ಲ, ದಿಕ್ಕು ನೋಡುತ್ತಾರೆ ಅಂತ ವಾದಿಸಿದರು. 2005ರಲ್ಲಿ ಓರಿಟ್ ಕೆದಾರ್ ಅದಕ್ಕೆ ಇನ್ನೊಂದು ತಿರುವು ಕೊಟ್ಟರು. ಮಧ್ಯಮ ನಿಲುವಿನ ಮತದಾರರು ಕೆಲವೊಮ್ಮೆ ತಮಗಿಂತ ಹೆಚ್ಚು ತೀವ್ರವಾದ ಪಕ್ಷಕ್ಕೆ ಯಾಕೆ ವೋಟು ಹಾಕುತ್ತಾರೆ ಅನ್ನೋದು ಅವರ ಪ್ರಶ್ನೆ. ಉತ್ತರ ಸರಳ. ಸಂಸತ್ತಿನಲ್ಲಿ ಯಾವ ಪಕ್ಷದ ಮಾತೂ ಪೂರ್ತಿ ನಡೆಯುವುದಿಲ್ಲ. ಜೊತೆ ಪಕ್ಷಗಳು ಎಳೆಯುತ್ತವೆ, ಮೇಲ್ಮನೆ ತಡೆಯುತ್ತದೆ, ಖಜಾನೆ ಬಿಡುವುದಿಲ್ಲ. ಹತ್ತು ಹೆಜ್ಜೆ ಕೇಳಿದವರು ಐದು ಹೆಜ್ಜೆ ನಡೆದರೆ ದೊಡ್ಡದು. ಮತದಾರರಿಗೆ ಇದು ಗೊತ್ತು.

ಒಂದು ಲೆಕ್ಕ ಮಾಡಿ ನೋಡೋಣ. ಆಸ್ಪತ್ರೆಗಳಿಗೆ ಸರ್ಕಾರ ಎಷ್ಟು ಖರ್ಚು ಮಾಡಬೇಕು ಅನ್ನುವುದನ್ನು 0ಯಿಂದ 10ರ ಅಳತೆಯಲ್ಲಿ ಇಡೋಣ. ಈಗಿನ ಸ್ಥಿತಿ 3. ನಿಮಗೆ ಬೇಕಾದದ್ದು 5. ನಡುವಿನ ಪಕ್ಷ 5 ಅನ್ನುತ್ತದೆ, ದೊಡ್ಡ ಪಕ್ಷ 8 ಅನ್ನುತ್ತದೆ. ಹತ್ತಿರ ನೋಡಿದರೆ ನಡುವಿನ ಪಕ್ಷವೇ ಸರಿ. ಆದರೆ ಯಾರೇ ಬಂದರೂ ಹೇಳಿದ ಅರ್ಧದಷ್ಟು ಮಾತ್ರ ಸರಿಸಲು ಆಗುತ್ತದೆ ಅಂತಿಟ್ಟುಕೊಳ್ಳಿ. ಆಗ ನಡುವಿನ ಪಕ್ಷ ನಿಮ್ಮನ್ನು 4ಕ್ಕೆ ಒಯ್ಯುತ್ತದೆ, ದೊಡ್ಡ ಪಕ್ಷ 5.5ಕ್ಕೆ. ಎರಡನೆಯದೇ ನಿಮಗೆ ಹತ್ತಿರ.

ಇದನ್ನೇ ತಿರುಗಿಸಿ ನೋಡಿ. ತಡೆಯುವವರು ಯಾರೂ ಇಲ್ಲದೆ ಒಂದೇ ಪಕ್ಷಕ್ಕೆ ಎಲ್ಲ ಅಧಿಕಾರ ಸಿಗುವಂತಿದ್ದರೆ ದೊಡ್ಡ ಪಕ್ಷ ನಿಜವಾಗಿಯೂ 8ಕ್ಕೇ ಹೋಗುತ್ತದೆ. ಆಗ ನಿಮಗೆ ಅದು ದೂರ. ಹಾಗಾಗಿ ಈ ಚುನಾವಣೆಯಲ್ಲಿ ಗೆದ್ದವರಿಗೆ ಎಷ್ಟು ತಡೆ ಇರುತ್ತದೆ ಅನ್ನುವುದು ನಿಮ್ಮ ತೀರ್ಮಾನವನ್ನೇ ಬದಲಿಸಬಹುದು. ಸಮ್ಮಿಶ್ರ ಸರ್ಕಾರ ಬರುವ ಹಾಗಿದ್ದರೆ ದಿಕ್ಕಿಗೆ ಹಾಕಿ. ಒಂದೇ ಪಕ್ಷ ಭಾರೀ ಬಹುಮತದಿಂದ ಬರುವ ಹಾಗಿದ್ದರೆ, ಅದು ನಿಮಗೆ ಇಷ್ಟದ ಪಕ್ಷವೇ ಆದರೂ, ಅದಕ್ಕೆ ಇನ್ನಷ್ಟು ಬಲ ಬೇಕಾ ಅಂತ ಕೇಳಿಕೊಳ್ಳಿ. ಕೆದಾರ್ ಹಲವು ದೇಶಗಳ ಮತದಾರರನ್ನು ಹೋಲಿಸಿದಾಗ ಕಂಡಿದ್ದೂ ಇದೇ. ಅಧಿಕಾರ ಹೆಚ್ಚು ಹಂಚಿಹೋಗುವ ಕಡೆ ಜನ ಹೆಚ್ಚು ಹೀಗೆ ಯೋಚಿಸುತ್ತಾರೆ.

ಇಷ್ಟೆಲ್ಲ ಲೆಕ್ಕಕ್ಕೂ ಮುಂಚೆ ಒಂದು ಪರೀಕ್ಷೆ ಇದೆ. ಇದರಲ್ಲಿ ಫೇಲಾದ ಪಕ್ಷವನ್ನು ನಾನಾದರೆ ಪಟ್ಟಿಯಿಂದ ತೆಗೆದುಬಿಡುತ್ತೇನೆ, ಉಳಿದ ವಿಷಯದಲ್ಲಿ ಎಷ್ಟೇ ಹಿಡಿಸಿದರೂ. ಸೋತಾಗ ಸೋಲು ಒಪ್ಪುತ್ತಾರಾ? ತಮ್ಮವರು ಕೈ ಮಾಡಿದಾಗ, ಕಲ್ಲು ಎಸೆದಾಗ, ಸ್ಪಷ್ಟವಾಗಿ ಖಂಡಿಸುತ್ತಾರಾ? ಎದುರಾಳಿಗಳನ್ನು ದೇಶದ ಶತ್ರುಗಳು ಅನ್ನುತ್ತಾರಾ? ನ್ಯಾಯಾಲಯ, ಪತ್ರಿಕೆ, ಚುನಾವಣೆ ನಡೆಸುವ ಸಂಸ್ಥೆ ತಮಗೆ ವಿರುದ್ಧ ಹೋದಾಗ ಹೇಗೆ ನಡೆದುಕೊಳ್ಳುತ್ತಾರೆ? ಪ್ರಜಾಪ್ರಭುತ್ವಗಳು ಕುಸಿದ ಬಗೆಯನ್ನು ಓದಿದ ಹುವಾನ್ ಲಿಂಟ್ಸ್ 1978ರಲ್ಲಿ ಇಂಥ ಗುರುತುಗಳನ್ನೇ ಮುಂದಿಟ್ಟರು. ಅವರು ಇನ್ನೂ ಒಂದನ್ನು ಸೇರಿಸಿದರು, ಅದು ಬಹಳ ಮುಖ್ಯ. ನಿಯಮ ಮುರಿಯುವವರಷ್ಟೇ ಅಲ್ಲ, ಲಾಭಕ್ಕಾಗಿ ಅವರ ಜೊತೆ ಕೈಜೋಡಿಸುವ ಒಳ್ಳೆಯ ಹೆಸರಿನ ಪಕ್ಷಗಳೂ ಅಪಾಯವೇ.

ಜರ್ಮನಿಯಲ್ಲಿ 1933ರ ಜನವರಿಯಲ್ಲಿ ಆಗಿದ್ದು ಅದು. ಫ್ರಾಂಜ್ ಫಾನ್ ಪಾಪೆನ್ ಮತ್ತು ಅವರ ಸಂಪ್ರದಾಯವಾದಿ ಗೆಳೆಯರು ಹಿಟ್ಲರ್‌ನನ್ನು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಮಾಡಿ ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂದುಕೊಂಡರು. ಬೆಲ್ಜಿಯಂನಲ್ಲಿ ನಾಲ್ಕು ವರ್ಷದ ನಂತರ ಬೇರೆ ದಾರಿ ಹಿಡಿದರು. ರೆಕ್ಸ್ ಎಂಬ ಉಗ್ರ ಬಲಪಂಥೀಯ ಚಳವಳಿಯ ನಾಯಕ ಲಿಯೋ ಡೆಗ್ರೆಲ್ 1937ರ ಏಪ್ರಿಲ್‌ನಲ್ಲಿ ಬ್ರಸೆಲ್ಸ್‌ನ ಉಪಚುನಾವಣೆಗೆ ನಿಂತ. ಕ್ಯಾಥೊಲಿಕರು, ಉದಾರವಾದಿಗಳು, ಸಮಾಜವಾದಿಗಳು, ಕಮ್ಯುನಿಸ್ಟರು ಕೂಡ ತಮ್ಮ ಜಗಳ ಬದಿಗಿಟ್ಟು ಪ್ರಧಾನಿ ಪಾಲ್ ವಾನ್ ಜೀಲಾಂಡ್ ಅವರ ಹಿಂದೆ ನಿಂತರು. ವಾನ್ ಜೀಲಾಂಡ್‌ಗೆ ಶೇ. 76ರಷ್ಟು ಮತ, ಡೆಗ್ರೆಲ್‌ಗೆ ಶೇ. 19. ರೆಕ್ಸ್ ಮತ್ತೆ ಮತಪೆಟ್ಟಿಗೆಯ ಮೂಲಕ ಅಷ್ಟು ಬಲವಾಗಿ ಏಳಲಿಲ್ಲ. ನಡುವಿನ ಮತದಾರರು ಯಾವ ಕಡೆ ವಾಲಿದರು ಅನ್ನೋದು ಇಂಥ ಹೊತ್ತಿನಲ್ಲಿ ದೇಶದ ಹಣೆಬರಹ ಬದಲಿಸುತ್ತದೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಮತ್ತೆ, ಈ ಪರೀಕ್ಷೆಯನ್ನು ನಿಮಗೆ ಹಿಡಿಸುವ ಪಕ್ಷದ ಮೇಲೇ ಮೊದಲು ಮಾಡಿ. ಎದುರಿನ ಪಕ್ಷದ ಮೇಲೆ ಎಲ್ಲರೂ ಮಾಡುತ್ತಾರೆ.

ಇನ್ನು ನಿಮ್ಮ ಸಣ್ಣ ಪಕ್ಷದ ಪ್ರಶ್ನೆ. ವೋಟು ವ್ಯರ್ಥ ಆಗುತ್ತಾ ಅಂತ ಕೇಳಿದ್ದೀರಿ ಅಂತಲೇ ನಾನು ತಿಳಿದುಕೊಳ್ಳುತ್ತೇನೆ. ಉತ್ತರ ನಿಮ್ಮಲ್ಲಿ ಚುನಾವಣೆ ಹೇಗೆ ನಡೆಯುತ್ತದೆ ಅನ್ನುವುದರ ಮೇಲಿದೆ.

ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತವೋ ಅವರೇ ಗೆಲ್ಲುವ ಪದ್ಧತಿಯಿದ್ದರೆ ಸಣ್ಣ ಪಕ್ಷಗಳಿಗೆ ಬಹಳ ಕಷ್ಟ. ಫ್ರಾನ್ಸಿನ ಮೊರೀಸ್ ದುವೆರ್ಜೆ 1950ರ ದಶಕದಲ್ಲೇ ಈ ಪದ್ಧತಿ ಕಣವನ್ನು ಎರಡು ಪಕ್ಷಗಳ ಕಡೆ ತಳ್ಳುತ್ತದೆ ಅಂದಿದ್ದರು. ಬ್ರಿಟನ್‌ನ 1983ರ ಚುನಾವಣೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಲೇಬರ್ ಪಕ್ಷಕ್ಕೆ ಶೇ. 27.6 ಮತ, 209 ಸೀಟು. ಸೋಷಿಯಲ್ ಡೆಮಾಕ್ರಾಟ್ ಮತ್ತು ಲಿಬರಲ್ ಪಕ್ಷಗಳ ನಡುಪಂಥದ ಮೈತ್ರಿಕೂಟಕ್ಕೆ ಶೇ. 25.4 ಮತ, ಸೀಟು ಬರೀ 23. ಮತದಲ್ಲಿ ಇದ್ದ ವ್ಯತ್ಯಾಸ ಎರಡು ಚಿಲ್ಲರೆ. ಲೇಬರ್ ಮತಗಳು ಕೆಲವು ಊರುಗಳಲ್ಲಿ ಗುಡ್ಡೆಯಾಗಿದ್ದವು, ಮೈತ್ರಿಕೂಟದ ಮತಗಳು ದೇಶದ ತುಂಬ ತೆಳುವಾಗಿ ಹರಡಿಹೋಗಿದ್ದವು. ನಡುವಿನ ಪಕ್ಷಗಳಿಗೆ ಬರುವ ತೊಂದರೆಯೇ ಇದು. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇಷ್ಟ, ಎಲ್ಲೂ ಗೆಲ್ಲುವಷ್ಟಿಲ್ಲ.

ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲಿ ಸೀಟು ಹಂಚುವ ದೇಶಗಳಲ್ಲಿ ಕಥೆ ಬೇರೆ. ಅಲ್ಲಿ ಕೇಳಬೇಕಾದ್ದು ಪಕ್ಷ ಕನಿಷ್ಠ ಮಿತಿ ದಾಟುತ್ತದಾ ಅನ್ನೋದು. ಜರ್ಮನಿಯಲ್ಲಿ ಆ ಮಿತಿ ಶೇ. 5. ಅಲ್ಲಿನ ಫ್ರೀ ಡೆಮಾಕ್ರಾಟ್ ಪಕ್ಷ 1949ರಿಂದ ಎಲ್ಲ ಸಂಸತ್ತಿನಲ್ಲೂ ಇತ್ತು. 2013ರಲ್ಲಿ ಶೇ. 4.8ಕ್ಕೆ ಇಳಿದು ಮೊದಲ ಸಲ ಹೊರಬಿತ್ತು. 2025ರಲ್ಲಿ ಶೇ. 4.3, ಮತ್ತೆ ಹೊರಗೆ. ಹಾಗೆ ಅಂಚಿನಲ್ಲಿರುವ ಪಕ್ಷಕ್ಕೆ ನಿಮ್ಮ ವೋಟಿನ ಬೆಲೆ ಜಾಸ್ತಿ, ಅಪಾಯವೂ ಜಾಸ್ತಿ. ಮತದಾರರು ಒಂದು, ಎರಡು, ಮೂರು ಅಂತ ಕ್ರಮ ಕೊಡುವ ಆಸ್ಟ್ರೇಲಿಯಾದಂಥ ಕಡೆ ಈ ಚಿಂತೆಯೇ ಬೇಡ. ಸಣ್ಣ ಪಕ್ಷಕ್ಕೆ ಮೊದಲ ಸ್ಥಾನ ಕೊಡಿ. ಅದು ಕಣದಿಂದ ಹೊರಬಿದ್ದರೆ ನಿಮ್ಮ ವೋಟು ಎರಡನೇ ಆಯ್ಕೆಗೆ ಹೋಗುತ್ತದೆ.

ಎರಡು ಸುತ್ತಿನ ಪದ್ಧತಿಯಲ್ಲಿ ಮೊದಲ ಸುತ್ತು ಮನಸ್ಸಿಗೆ, ಎರಡನೇ ಸುತ್ತು ಬುದ್ಧಿಗೆ ಅನ್ನುವವರಿದ್ದಾರೆ. ಅಷ್ಟು ನಿಶ್ಚಿಂತೆ ಬೇಡ. ಫ್ರಾನ್ಸಿನಲ್ಲಿ 2002ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿಗೆ 16 ಜನ ನಿಂತಿದ್ದರು. ಎಡಪಂಥದ ಮತ ಹಲವರಲ್ಲಿ ಹಂಚಿಹೋಯಿತು. ಆಗಿನ ಪ್ರಧಾನಿ ಲಿಯೊನೆಲ್ ಜೋಸ್ಪಾಗೆ ಶೇ. 16.18, ತೀವ್ರ ಬಲಪಂಥದ ಜಾನ್-ಮರಿ ಲೆ ಪೆನ್‌ಗೆ ಶೇ. 16.86. ಎರಡನೇ ಸುತ್ತಿಗೆ ಆಗಿನ ಅಧ್ಯಕ್ಷ ಜಾಕ್ ಶಿರಾಕ್ ಜೊತೆ ಹೋಗಿದ್ದು ಲೆ ಪೆನ್. ಶಿರಾಕ್ ಶೇ. 82 ಮತ ಪಡೆದು ಗೆದ್ದರು, ನಿಜ. ಆದರೆ ಎಡಪಂಥದ ಮತದಾರರಿಗೆ ಆ ಸುತ್ತಿನಲ್ಲಿ ತಮ್ಮವರೇ ಇರಲಿಲ್ಲ.

ಗೆದ್ದವರಿಗೇ ಎಲ್ಲ ಅನ್ನುವ ಪದ್ಧತಿ ನಿಮ್ಮದಾದರೆ ಹೀಗೆ ಮಾಡಿ. ದೇಶದ ಸಮೀಕ್ಷೆ ಬದಿಗಿಡಿ. ನಿಮ್ಮ ಕ್ಷೇತ್ರದಲ್ಲಿ ಕಳೆದ ಸಲ ಯಾರಿಗೆ ಎಷ್ಟು ಬಂತು, ಗೆಲುವಿನ ಅಂತರ ಎಷ್ಟು ಅಂತ ನೋಡಿ. ಅಂತರ ದೊಡ್ಡದಾಗಿದ್ದು, ಫಲಿತಾಂಶ ಮೊದಲೇ ಗೊತ್ತಿರುವಂತಿದ್ದರೆ ಸಣ್ಣ ಪಕ್ಷಕ್ಕೆ ಧೈರ್ಯವಾಗಿ ಹಾಕಿ. ಆ ಮತ ಗೆಲ್ಲಿಸದಿದ್ದರೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸಲ ಅಭ್ಯರ್ಥಿ ಸಿಗುತ್ತಾರೆ, ಕಾರ್ಯಕರ್ತರು ಉಳಿಯುತ್ತಾರೆ, ದೊಡ್ಡ ಪಕ್ಷಗಳು ಆ ಮತ ಸೆಳೆಯಲು ನೋಡುತ್ತವೆ. ಕೆಲವು ದೇಶಗಳಲ್ಲಿ ಹಣವೂ ಬರುತ್ತದೆ. ಜರ್ಮನಿಯಲ್ಲಿ ರಾಷ್ಟ್ರ ಮಟ್ಟದ ಚುನಾವಣೆಯಲ್ಲಿ ಶೇ. 0.5 ದಾಟಿದ ಪಕ್ಷಕ್ಕೆ ಸರ್ಕಾರದ ಧನಸಹಾಯದಲ್ಲಿ ಪಾಲಿದೆ. ಆದರೆ ಸ್ಪರ್ಧೆ ಬಿಗಿಯಾಗಿದ್ದು, ಇಬ್ಬರಲ್ಲಿ ಒಬ್ಬರು ಬರಲೇಬಾರದು ಅಂತ ನಿಮಗೆ ಗಟ್ಟಿಯಾಗಿ ಅನಿಸಿದರೆ, ಅವರನ್ನು ತಡೆಯಬಲ್ಲವರಿಗೆ ಹಾಕಿ. 2000ದಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ನಿರ್ಧಾರವಾಗಿದ್ದು ಫ್ಲಾರಿಡಾದ 537 ಮತಗಳ ಅಂತರದಿಂದ. ಅದೇ ರಾಜ್ಯದಲ್ಲಿ ಮೂರನೇ ಅಭ್ಯರ್ಥಿ ರಾಲ್ಫ್ ನೇಡರ್‌ಗೆ 97,000ಕ್ಕೂ ಹೆಚ್ಚು ಮತ ಬಿದ್ದಿದ್ದವು.

ನಡುವಿನ ಪಕ್ಷಕ್ಕೇ ಹಾಕುತ್ತೀರಿ ಅಂತಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಗೆದ್ದ ಮೇಲೆ ಅವರು ಯಾರ ಜೊತೆ ಕೂರುತ್ತಾರೆ? ನಡುವಿನ ಪಕ್ಷ ಒಂಟಿಯಾಗಿ ಆಳುವುದು ಅಪರೂಪ. ಅದರ ಬಲ ಇರುವುದೇ ಯಾರನ್ನು ಕುರ್ಚಿಯಲ್ಲಿ ಕೂರಿಸಬೇಕು ಅಂತ ನಿರ್ಧರಿಸುವುದರಲ್ಲಿ. 1982ರಲ್ಲಿ ಜರ್ಮನಿಯ ಫ್ರೀ ಡೆಮಾಕ್ರಾಟರು ಆಗಿನ ಚಾನ್ಸಲರ್, ಸಮಾಜವಾದಿ ಹೆಲ್ಮುಟ್ ಶ್ಮಿಟ್ ಅವರ ಕೈಬಿಟ್ಟು ಸಂಪ್ರದಾಯವಾದಿ ಹೆಲ್ಮುಟ್ ಕೋಲ್ ಜೊತೆ ಹೋದರು. ನಡುವೆ ಚುನಾವಣೆಯೇ ನಡೆದಿರಲಿಲ್ಲ. ಸರ್ಕಾರ ಅವಿಶ್ವಾಸ ನಿರ್ಣಯದಲ್ಲಿ ಬದಲಾಯಿತು. ಬ್ರಿಟನ್‌ನಲ್ಲಿ ಲಿಬರಲ್ ಡೆಮಾಕ್ರಾಟರು 2010ರಲ್ಲಿ ಶೇ. 23 ಮತ, 57 ಸೀಟು ಗಳಿಸಿ ಕನ್ಸರ್ವೇಟಿವ್ ಪಕ್ಷದ ಜೊತೆ ಸರ್ಕಾರ ಸೇರಿದರು. ವಿಶ್ವವಿದ್ಯಾಲಯಗಳ ಶುಲ್ಕ ಏರಿಕೆಯನ್ನು ವಿರೋಧಿಸುತ್ತೇವೆ ಅಂತ ಅವರ ಅಭ್ಯರ್ಥಿಗಳು ಬರೆದು ಸಹಿ ಹಾಕಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಶುಲ್ಕದ ಮಿತಿ ಹೆಚ್ಚುಕಮ್ಮಿ ಮೂರು ಪಟ್ಟಾಯಿತು, ಅವರದೇ ಸರ್ಕಾರದ ಕೈಯಿಂದ. ಪಕ್ಷದ ಸಂಸದರೇ ಮತ ಹಾಕುವಾಗ ಒಡೆದುಹೋದರು. 2015ರಲ್ಲಿ ಉಳಿದದ್ದು 8 ಸೀಟು.

ಇದರಿಂದ ನಡುವಿನ ಪಕ್ಷಗಳೆಲ್ಲ ಮೋಸ ಅಂತ ತಿಳಿಯಬೇಡಿ. ಆ ಸಮ್ಮಿಶ್ರ ಸರ್ಕಾರದಲ್ಲಿ ಅವರು ಕನ್ಸರ್ವೇಟಿವ್ ಪಕ್ಷವನ್ನು ಎಷ್ಟೋ ಕಡೆ ತಡೆದು ನಿಲ್ಲಿಸಿದರು ಅನ್ನುವ ವಾದವೂ ಇದೆ, ಅದರಲ್ಲಿ ಹುರುಳಿದೆ ಅಂತ ನನ್ನ ಅನಿಸಿಕೆ. ಆದರೆ ತಡೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಟ್ಟುಕೊಟ್ಟದ್ದು ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ವೋಟಿಗೂ ಮುಂಚೆ ಅಭ್ಯರ್ಥಿಯನ್ನು ನೇರವಾಗಿ ಕೇಳಿ: ಯಾರ ಜೊತೆ ಸೇರುವುದಿಲ್ಲ? ಮಾತುಕತೆಯಲ್ಲಿ ಏನನ್ನು ಬಿಟ್ಟುಕೊಡುವುದಿಲ್ಲ? ಎರಡಕ್ಕೂ ನೇರ ಉತ್ತರ ಬರದಿದ್ದರೆ ನೀವು ಖಾಲಿ ಹಾಳೆಗೆ ಸಹಿ ಹಾಕುತ್ತಿದ್ದೀರಿ.

ಪ್ರಣಾಳಿಕೆ ಓದಿ ಏನು ಪ್ರಯೋಜನ, ಎಲ್ಲ ಸುಳ್ಳು ಅನ್ನುವವರು ಸಿಗುತ್ತಾರೆ. ಅದು ಪೂರ್ತಿ ನಿಜವಲ್ಲ. 12 ದೇಶಗಳ 20,000ಕ್ಕೂ ಹೆಚ್ಚು ಚುನಾವಣಾ ಭರವಸೆಗಳನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. ಒಂದೇ ಪಕ್ಷ ಆಳುವಾಗ ಭರವಸೆಗಳು ಹೆಚ್ಚು ಈಡೇರುತ್ತವೆ, ಸಮ್ಮಿಶ್ರ ಸರ್ಕಾರದಲ್ಲಿ ಕಡಿಮೆ. ಅಂದರೆ ಪಕ್ಷಗಳು ಜನ ತಿಳಿದುಕೊಂಡದ್ದಕ್ಕಿಂತ ಗಂಭೀರವಾಗಿಯೇ ಪ್ರಣಾಳಿಕೆ ಬರೆಯುತ್ತವೆ. ನಿಮಗೆ ಭಯ ಹುಟ್ಟಿಸುವ ಭರವಸೆಯನ್ನು 'ಸುಮ್ನೆ ವೋಟಿಗೆ ಹೇಳ್ತಾರೆ' ಅಂತ ತಳ್ಳಿಹಾಕಬೇಡಿ.

ಆಡಳಿತ ಪಕ್ಷವನ್ನು ಅಳೆಯುವಾಗ ಪೂರ್ತಿ ಅವಧಿ ನೋಡಿ. ಆಂಡ್ರ್ಯೂ ಹೀಲಿ ಮತ್ತು ಗೇಬ್ರಿಯಲ್ ಲೆಂಜ್ 2014ರಲ್ಲಿ ತೋರಿಸಿದಂತೆ, ಮತದಾರರು ನಾಲ್ಕು ವರ್ಷದ ಆರ್ಥಿಕತೆ ನೋಡುತ್ತೇವೆ ಅಂದುಕೊಂಡು ಕೊನೆಯ ವರ್ಷವನ್ನು ಮಾತ್ರ ನೋಡುತ್ತಾರೆ. ಸರ್ಕಾರಗಳಿಗೂ ಇದು ಗೊತ್ತು. ಕೊನೆಯ ವರ್ಷದ ಉಡುಗೊರೆಗಳ ಹಿಂದೆ ಇರುವುದು ಇದೇ ಲೆಕ್ಕ. ವಿರೋಧ ಪಕ್ಷವನ್ನು ಅಳೆಯಲು ಅದು ಬೇರೆ ಕಡೆ ಆಡಳಿತ ನಡೆಸುತ್ತಿದ್ದರೆ ಅಲ್ಲಿನ ಕೆಲಸ ನೋಡಿ, ಸದನದಲ್ಲಿ ಹೇಗೆ ಮತ ಹಾಕಿತು ಅಂತ ನೋಡಿ.

ಅಭ್ಯರ್ಥಿ ಒಳ್ಳೆಯವರು, ಪಕ್ಷ ಹಿಡಿಸುವುದಿಲ್ಲ ಅಂದರೆ? ಸದನದಲ್ಲಿ ಅವರಿಗೆ ಎಷ್ಟು ಸ್ವಾತಂತ್ರ್ಯ ಇದೆ ಅನ್ನೋದು ಮುಖ್ಯ. ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ (ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ಅಲ್ಲಿ ಪಕ್ಷವೇ ಮುಖ್ಯ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಪಕ್ಷದ ವಿರುದ್ಧ ಮತ ಹಾಕಿದ ಮಾತ್ರಕ್ಕೆ ಸ್ಥಾನ ಹೋಗುವುದಿಲ್ಲ, ಅಲ್ಲಿ ವ್ಯಕ್ತಿಗೆ ತೂಕ ಜಾಸ್ತಿ.

ಪಕ್ಷಗಳ ಜೊತೆ ನಿಮ್ಮ ಅಭಿಪ್ರಾಯ ಹೋಲಿಸುವ ಆನ್‌ಲೈನ್ ಸಾಧನಗಳ ಬಗ್ಗೆ ಒಂದು ಮಾತು. ನೆದರ್‌ಲೆಂಡ್ಸ್‌ನ ಸ್ಟೆಮ್‌ವೈಜರ್, ಜರ್ಮನಿಯ ವಾಲ್-ಓ-ಮ್ಯಾಟ್ ಇಂಥವು. ಮುಖ್ಯ ವಿಷಯಗಳಿಗೆ ಹೆಚ್ಚು ತೂಕ ಕೊಡುವ ಅವಕಾಶ ಇದ್ದರೆ ಬಳಸಿ. ಎಲ್ಲ ಪ್ರಶ್ನೆಗೂ ಸಮ ತೂಕ ಕೊಟ್ಟರೆ ಮತ್ತೆ ಅದೇ ಸರಾಸರಿಗೆ ಬಂದು ನಿಲ್ಲುತ್ತೀರಿ. ನಿಯಮ ಪಾಲನೆ, ಸಾಮರ್ಥ್ಯ, ಮೈತ್ರಿ ಇವು ಯಾವುದೂ ಅದರಲ್ಲಿ ಕಾಣುವುದಿಲ್ಲ.

ಮನೆಯಲ್ಲಿ ಕೂತರೆ ತಪ್ಪಾ ಅಂದಿರಿ. ವೋಟು ಹಾಕದಿರುವುದು ಎಷ್ಟೋ ದೇಶಗಳಲ್ಲಿ ನಿಮ್ಮ ಹಕ್ಕು, ಪಾಪವೇನಲ್ಲ. ಆದರೆ ನೀವು ಬೇಸರದಿಂದ ಬರಲಿಲ್ಲವೋ, ಸೋಮಾರಿತನದಿಂದಲೋ, ಎಲ್ಲ ಸರಿಯಿದೆ ಅಂತಲೋ, ಯಾರಿಗೂ ಗೊತ್ತಾಗುವುದಿಲ್ಲ. ಯಾರೂ ಬೇಡ ಅನ್ನುವುದನ್ನೇ ಹೇಳಬೇಕಿದ್ದರೆ ಮತಗಟ್ಟೆಗೆ ಹೋಗಿ ಹೇಳಿ. ಭಾರತದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2013ರಲ್ಲಿ ನೋಟಾ ಬಂತು. ಅಮೆರಿಕದ ನೆವಾಡ ರಾಜ್ಯದಲ್ಲಿ 1975ರಲ್ಲೇ ಅಂಥ ಕಾನೂನು ಆಯಿತು. ಎರಡೂ ಕಡೆ ಅದು ಎಣಿಕೆಯಲ್ಲಿ ಕಾಣುತ್ತದೆ, ಸಾರ್ವತ್ರಿಕ ಚುನಾವಣೆಯ ಫಲಿತಾಂಶ ಬದಲಿಸುವುದಿಲ್ಲ. ಕೊಲಂಬಿಯಾದಲ್ಲಾದರೆ ಖಾಲಿ ಮತಗಳು ಅರ್ಧಕ್ಕಿಂತ ಹೆಚ್ಚಾದರೆ ಬೇರೆ ಅಭ್ಯರ್ಥಿಗಳೊಂದಿಗೆ ಮತ್ತೊಮ್ಮೆ ಚುನಾವಣೆ ನಡೆಸಬೇಕು. ನಾನಾದರೆ ಮೂರು ವಿಷಯದ ಹಾಳೆ ತುಂಬಿದ ಮೇಲೂ ಇಬ್ಬರ ನಡುವೆ ಚೂರೂ ವ್ಯತ್ಯಾಸ ಕಾಣದಿದ್ದರೆ ಮಾತ್ರ ಅಲ್ಲಿಗೆ ಹೋಗುತ್ತೇನೆ. ಬಹಳಷ್ಟು ಸಲ ವ್ಯತ್ಯಾಸ ಕಾಣುತ್ತದೆ.

ಗೆಳೆಯರು ಎಡಬಿಡಂಗಿ ಅನ್ನುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ನಿಮ್ಮ ಮೂರು ಸಾಲು ತೋರಿಸಿ, ಅವರದ್ದೂ ಬರೆಯಲು ಹೇಳಿ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳಬೇಕು. ಮತದಾನದ ದಿನ ನಿಮ್ಮ ಮುಂದೆ ಬರುವ ಹೆಸರುಗಳು ಅದಕ್ಕೂ ಎಷ್ಟೋ ತಿಂಗಳ ಮುಂಚೆಯೇ ತೀರ್ಮಾನವಾಗಿರುತ್ತವೆ. ಆ ಹೊತ್ತಿಗೆ ನಡುವಿನ ಜನ ಎಲ್ಲೂ ಇರುವುದಿಲ್ಲ. ಬ್ರಿಟನ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಹೊಸ ಪ್ರಧಾನಿ ಯಾರು ಅಂತ ಕೊನೆಗೆ ನಿರ್ಧರಿಸಿದ್ದು ಒಂದು ಪಕ್ಷದ ಸದಸ್ಯರು: ಲಿಜ್ ಟ್ರಸ್‌ಗೆ 81,326 ಮತ, ರಿಷಿ ಸುನಕ್‌ಗೆ 60,399. ಆರೂವರೆ ಕೋಟಿಗೂ ಮೀರಿದ ಜನರ ದೇಶ ಅದು. ಅಮೆರಿಕದ ಪಕ್ಷಗಳ ಒಳಗಿನ ಪ್ರಾಥಮಿಕ ಚುನಾವಣೆಗಳಿಗೂ ಬರುವವರು ನವೆಂಬರ್‌ನ ಮತದಾನಕ್ಕಿಂತ ಬಹಳ ಕಡಿಮೆ. ಎರಡು ದೊಡ್ಡ ಪಕ್ಷಗಳಲ್ಲಿ ನಿಮ್ಮ ದಿಕ್ಕಿಗೆ ಹೆಚ್ಚು ಹೊಂದುವುದು ಯಾವುದು ಅಂತ ಈ ಸಲ ಗೊತ್ತಾದರೆ, ಅದರ ನಿಯಮಾವಳಿ ತೆರೆದು ನೋಡಿ. ಸದಸ್ಯರಿಗೆ ನಾಯಕನನ್ನು ಅಥವಾ ಅಭ್ಯರ್ಥಿಯನ್ನು ಆರಿಸುವ ಹಕ್ಕಿದೆಯಾ, ಎಷ್ಟು ಮುಂಚೆ ಸೇರಿರಬೇಕು, ಶುಲ್ಕ ಎಷ್ಟು ಅನ್ನೋದು ಅದರಲ್ಲಿರುತ್ತದೆ. ಹಕ್ಕಿದ್ದರೆ, ಮುಂದಿನ ಆಯ್ಕೆ ಶುರುವಾಗುವ ಮುಂಚೆಯೇ ಸೇರಿಕೊಳ್ಳಿ. ಸದಸ್ಯರಾದ ಮಾತ್ರಕ್ಕೆ ಮತಗಟ್ಟೆಯಲ್ಲಿ ಅದೇ ಪಕ್ಷಕ್ಕೆ ಹಾಕಬೇಕು ಅಂತ ಯಾರೂ ಕಟ್ಟಿಹಾಕಲು ಆಗುವುದಿಲ್ಲ. ಮತ ಗುಟ್ಟಾಗಿರುತ್ತದೆ.